ರಿಫಾರ್ಮ್ಡ್ ದೈವಶಾಸ್ತ್ರದ ಹಳೆಯ ಲ್ಯಾಟಿನ್ ಗ್ರಂಥಗಳ ಇಂಗ್ಲಿಷ್ ಅನುವಾದ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಪುಸ್ತಕಗಳಿವು? ಬರೆದವರು ಯಾರು?

ಸ್ಥೂಲವಾಗಿ 1520ರಿಂದ 1750ರ ನಡುವೆ ಜ್ಯೂರಿಕ್, ಬಾಸೆಲ್, ಜಿನೀವಾ, ಹೈಡೆಲ್‌ಬರ್ಗ್, ಲೈಡನ್, ಉಟ್ರೆಕ್ಟ್ ಮುಂತಾದ ಊರುಗಳಲ್ಲಿ ಬೋಧಿಸುತ್ತಿದ್ದ ಪ್ರೊಟೆಸ್ಟೆಂಟ್ ಪಂಡಿತರ ಕೃತಿಗಳು. ಪ್ರೊಟೆಸ್ಟೆಂಟರಲ್ಲೇ ಲೂಥರನ ಅನುಯಾಯಿಗಳಿಂದ ಬೇರೆಯಾಗಿ ಜ್ವಿಂಗ್ಲಿ, ಬುಲ್ಲಿಂಗರ್, ಕ್ಯಾಲ್ವಿನ್ ಪರಂಪರೆಗೆ ಸೇರಿದವರನ್ನು ರಿಫಾರ್ಮ್ಡ್ ಎನ್ನುತ್ತಾರೆ. ಬೈಬಲ್ ವ್ಯಾಖ್ಯಾನ, ಪ್ರಶ್ನೋತ್ತರ ಪಾಠದ ವಿವರಣೆ, ಖಂಡನ ಗ್ರಂಥ, ಇಡೀ ದೈವಶಾಸ್ತ್ರವನ್ನು ವಿಷಯವಾರು ಜೋಡಿಸಿದ ದಪ್ಪ ಸಂಪುಟಗಳು ಎಲ್ಲವೂ ಇದರಲ್ಲಿವೆ. ವಿಶ್ವವಿದ್ಯಾಲಯದ ವಾದಸಭೆಗಳಿಂದ ಹುಟ್ಟಿದ ಪುಸ್ತಕಗಳೂ ಇವೆ. 1625ರ ಲೈಡನ್ ಸಿನಾಪ್ಸಿಸ್ ಅಂಥದ್ದು: ನಾಲ್ವರು ಪ್ರಾಧ್ಯಾಪಕರು ಸರದಿಯಂತೆ ನಡೆಸಿದ 52 ವಾದಗಳ ಸಂಗ್ರಹ.

ಇಷ್ಟು ಹೊತ್ತಿಗೆ ಎಲ್ಲವೂ ಇಂಗ್ಲಿಷಿಗೆ ಬಂದಿರಬೇಕಲ್ಲವೇ?

ಕ್ಯಾಲ್ವಿನ್‌ನ ಇನ್ಸ್ಟಿಟ್ಯೂಟ್ಸ್ ನೋಡಿದರೆ ಹಾಗನ್ನಿಸುತ್ತದೆ. ಅದರ ಕೊನೆಯ ಲ್ಯಾಟಿನ್ ರೂಪ ಬಂದದ್ದು 1559ರಲ್ಲಿ. ಎರಡೇ ವರ್ಷಕ್ಕೆ, 1561ರಲ್ಲಿ, ಥಾಮಸ್ ನಾರ್ಟನ್ ಅದನ್ನು ಇಂಗ್ಲಿಷಿಗೆ ತಂದ. ಆಮೇಲೆ 1813ರಲ್ಲಿ ಜಾನ್ ಆಲನ್, 1845ರಲ್ಲಿ ಹೆನ್ರಿ ಬೆವರಿಜ್, 1960ರಲ್ಲಿ ಫೋರ್ಡ್ ಲೂಯಿಸ್ ಬ್ಯಾಟಲ್ಸ್.

ಉಳಿದವರಿಗೆ ಈ ಭಾಗ್ಯ ಸಿಗಲಿಲ್ಲ. ಜಿನೀವಾದ ಫ್ರಾನ್ಸಿಸ್ ಟರೆಟಿನ್ 1679ರಿಂದ 1685ರೊಳಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಇನ್ಸ್ಟಿಟ್ಯೂಷಿಯೊ ಎಂಬ ದೈವಶಾಸ್ತ್ರ ಗ್ರಂಥ ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಚ್ಚಾದದ್ದು 1992–97ರಲ್ಲಿ. ಅನುವಾದ ಮಾತ್ರ 19ನೇ ಶತಮಾನದ್ದು. ಪ್ರಿನ್ಸ್‌ಟನ್ನಿನ ಜಾರ್ಜ್ ಮಸ್‌ಗ್ರೇವ್ ಗೀಗರ್ ಅದನ್ನು ಅಲ್ಲಿನ ಸೆಮಿನರಿಯ ಪ್ರಾಧ್ಯಾಪಕ ಚಾರ್ಲ್ಸ್ ಹಾಡ್ಜ್‌ಗಾಗಿ ಮಾಡಿದ್ದ, ಹಸ್ತಪ್ರತಿಯಾಗಿಯೇ ಉಳಿದಿತ್ತು. ಆಗ ಪ್ರಿನ್ಸ್‌ಟನ್ ಸೆಮಿನರಿಯಲ್ಲಿ ಟರೆಟಿನ್‌ನ ಲ್ಯಾಟಿನ್ ಪುಸ್ತಕವೇ ಪಠ್ಯ, ಹಾಗಾಗಿ ಅಚ್ಚು ಹಾಕಿಸುವ ತುರ್ತು ಯಾರಿಗೂ ಇರಲಿಲ್ಲ. ಉಟ್ರೆಕ್ಟಿನ ಪೆಟ್ರಸ್ ವಾನ್ ಮಾಸ್ಟ್ರಿಕ್ಟ್ 1698ರ ಹೊತ್ತಿಗೆ ಪೂರ್ಣಗೊಳಿಸಿದ ಮಹಾಗ್ರಂಥದ ಇಂಗ್ಲಿಷ್ ಸಂಪುಟಗಳು ಬರತೊಡಗಿದ್ದು 2018ರಲ್ಲಿ. ಅದೇ ಉಟ್ರೆಕ್ಟಿನ ವೂಟಿಯಸ್‌ನ ಆಯ್ದ ವಾದಗಳ ಐದು ಸಂಪುಟ (1648–69) ಬಹುಪಾಲು ಲ್ಯಾಟಿನ್ನಿನಲ್ಲೇ ಇದೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಪೋಸ್ಟ್-ರಿಫಾರ್ಮೇಷನ್ ಡಿಜಿಟಲ್ ಲೈಬ್ರರಿಯಲ್ಲಿ ಲೇಖಕನ ಹೆಸರು ಹುಡುಕಿ. ಹಾಗೆಯೇ 1700ಕ್ಕಿಂತ ಹಿಂದಿನ ಇಂಗ್ಲಿಷ್ ಮುದ್ರಣಗಳ ಸಂಗ್ರಹವಾದ ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್ ನೋಡಿ. ಮುಸ್ಕುಲಸ್ 1563ರಲ್ಲಿ, ಬುಲ್ಲಿಂಗರ್‌ನ ಐವತ್ತು ಪ್ರವಚನಗಳು 1577ರಲ್ಲಿ, ವರ್ಮಿಲಿ 1583ರಲ್ಲಿ, ಉರ್ಸಿನಸ್ 1587ರಲ್ಲಿ ಆಗಲೇ ಇಂಗ್ಲಿಷಿಗೆ ಬಂದಿದ್ದರು. ಇವನ್ನೇ ಹೊಸದಾಗಿ ಅನುವಾದಿಸುವುದು ತಪ್ಪಲ್ಲ, ಆದರೆ ಹಳೆಯದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಪಾರಿಭಾಷಿಕ ಪದವನ್ನು ಅದೇ ಕಾಲದ ಇಂಗ್ಲಿಷರು ಹೇಗೆ ಗ್ರಹಿಸಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಒಂದೇ ಪುಸ್ತಕಕ್ಕೆ ಹಲವು ಮುದ್ರಣಗಳಿವೆ. ಯಾವುದನ್ನು ಹಿಡಿಯಬೇಕು?

ಲೇಖಕ ತಾನೇ ತಿದ್ದಿದ ಕೊನೆಯ ಮುದ್ರಣವನ್ನು. ಕ್ಯಾಲ್ವಿನ್‌ನ 1536ರ ಪುಸ್ತಕ ಆರು ಅಧ್ಯಾಯಗಳ ಕೈಪಿಡಿ, 1559ರದ್ದು 80 ಅಧ್ಯಾಯಗಳ ಗ್ರಂಥ. ಹೆಸರು ಒಂದೇ ಆದರೂ ಇವು ಬೇರೆ ಬೇರೆ ಪುಸ್ತಕಗಳೇ. ಲೇಖಕ ತೀರಿಕೊಂಡ ಮೇಲಿನ ಮುದ್ರಣಗಳಲ್ಲಿ ಅಚ್ಚಿನ ತಪ್ಪುಗಳು ಹೆಚ್ಚುತ್ತಾ ಹೋಗುತ್ತವೆ, ಸಂಪಾದಕರು ಸದ್ದಿಲ್ಲದೆ ಸೇರಿಸಿದ್ದೂ ಇರುತ್ತದೆ.

ಓದಲು ಮಾತ್ರ 19ನೇ ಶತಮಾನದ ಮರುಮುದ್ರಣ ಸುಲಭ. ಟರೆಟಿನ್‌ಗೆ 1847ರ ಎಡಿನ್‌ಬರೋ ಮುದ್ರಣ, ಲೈಡನ್ ಸಿನಾಪ್ಸಿಸ್‌ಗೆ 1881ರಲ್ಲಿ ಹೆರ್ಮನ್ ಬಾವಿಂಕ್ ಸಂಪಾದಿಸಿದ್ದು, ಕ್ಯಾಲ್ವಿನ್‌ಗೆ 1863–1900ರ 59 ಸಂಪುಟಗಳ ಸಮಗ್ರ ಕೃತಿ. ಇವುಗಳ ಅಕ್ಷರ ಸ್ವಚ್ಛ, ಕಂಪ್ಯೂಟರ್ ಕೂಡ ಚೆನ್ನಾಗಿ ಓದುತ್ತದೆ. ಮೊದಲ ಕರಡನ್ನು ಇದರಿಂದ ಮಾಡಿ, ಅನುಮಾನ ಬಂದಲ್ಲೆಲ್ಲ ಹಳೆಯ ಮುದ್ರಣದ ಚಿತ್ರ ತೆರೆದು ನೋಡಿ.

ಹಳೆಯ ಮುದ್ರಣ ಕೈಗೆ ಬಂದ ಕೂಡಲೇ ಅದರ ಕೊನೆಗೋ ಮುನ್ನುಡಿಯ ಹಿಂದೆಯೋ ಇರುವ ತಪ್ಪೋಲೆ (ಅಚ್ಚಿನ ತಪ್ಪುಗಳ ಪಟ್ಟಿ) ಹುಡುಕಿ, ತಿದ್ದುಪಡಿಗಳನ್ನು ನಿಮ್ಮ ಪಠ್ಯಕ್ಕೆ ಹಾಕಿಬಿಡಿ. ಇದನ್ನು ಮರೆತವರು ಅಚ್ಚಿನ ತಪ್ಪಿಗೆ ಅಡಿಟಿಪ್ಪಣಿಯಲ್ಲಿ ತಾತ್ವಿಕ ಅರ್ಥ ಕಟ್ಟಿದ್ದುಂಟು.

ಸ್ಕ್ಯಾನಿನಿಂದ ಪಠ್ಯ ತೆಗೆದರೆ ಏನೇನು ಕೆಡುತ್ತದೆ?

ಮೊದಲ ಶತ್ರು ಉದ್ದನೆಯ ಎಸ್. ಪದದ ಮೊದಲಲ್ಲೂ ನಡುವೆಯೂ ಬರುವ ಈ ಅಕ್ಷರ ಹೆಚ್ಚುಕಡಿಮೆ ಎಫ್‌ನಂತೆಯೇ ಕಾಣುತ್ತದೆ. ತಪ್ಪಾಗಿ ಓದಿದ ಪದ ಅರ್ಥವಿಲ್ಲದ್ದಾದರೆ ಕಣ್ಣಿಗೆ ಹೊಡೆಯುತ್ತದೆ. ತೊಂದರೆ ಎರಡೂ ಸರಿಯಾದ ಲ್ಯಾಟಿನ್ ಆಗಿರುವಾಗ: ಸಿತ್ ಎಂದರೆ ‘ಇರಲಿ, ಇರುವುದು’, ಫಿತ್ ಎಂದರೆ ‘ಆಗುತ್ತದೆ’. ದೇವರ ಸ್ವರೂಪದ ಅಧ್ಯಾಯದಲ್ಲಿ ಇರುವಿಕೆ ಆಗುವಿಕೆಯಾಗಿ ಬದಲಾದರೆ ಇಡೀ ವಾದವೇ ತಲೆಕೆಳಗು, ಯಾವ ಕಾಗುಣಿತ ಪರೀಕ್ಷಕವೂ ಅದನ್ನು ಹಿಡಿಯುವುದಿಲ್ಲ.

ಎರಡನೆಯದು ಸಂಕ್ಷೇಪ ಚಿಹ್ನೆಗಳು. ಸ್ವರದ ಮೇಲೆ ಅಡ್ಡಗೀಟು ಇದ್ದರೆ ಮುಂದೆ ಒಂದು ಎಮ್ ಅಥವಾ ಎನ್ ಬಿಟ್ಟಿದ್ದಾರೆ ಎಂದರ್ಥ. ಕ್ಯೂ ಪಕ್ಕದ ಅರ್ಧವಿರಾಮ ವಿರಾಮವಲ್ಲ, ಅದು ‘ಕ್ವೆ’ ಎಂಬ ಪ್ರತ್ಯಯ. ಯಂತ್ರ ಈ ಗೀಟುಗಳನ್ನು ಕಸವೆಂದು ಅಳಿಸುತ್ತದೆ. ‘ಅಲ್ಲ’ ಎಂಬರ್ಥದ ನೋನ್ ಕೂಡ ಕೆಲವೊಮ್ಮೆ ಹೀಗೆ ಚಿಕ್ಕದಾಗಿ ಅಚ್ಚಾಗಿರುತ್ತದೆ, ಅದು ಹೋದರೆ ನಿಷೇಧವೇ ಹೋಯಿತು.

ಪಠ್ಯ ಶುಚಿ ಮಾಡುವ ಉತ್ಸಾಹದಲ್ಲಿ ಸ್ವರಗಳ ಮೇಲಿನ ಓರೆ ಗೀಟುಗಳನ್ನು ತೆಗೆದುಹಾಕಬೇಡಿ. 17ನೇ ಶತಮಾನದ ಮುದ್ರಕರು ಅವನ್ನು ಓದುಗನ ಅನುಕೂಲಕ್ಕೆ ಹಾಕಿದ್ದರು. ಕುಮ್ ಎಂಬುದಕ್ಕೆ ಗೀಟಿದ್ದರೆ ಸಾಮಾನ್ಯವಾಗಿ ‘ಯಾವಾಗ, ಏಕೆಂದರೆ’, ಇಲ್ಲದಿದ್ದರೆ ‘ಜೊತೆಗೆ’. ಕ್ವೋದ್ ಮೇಲೆ ಗೀಟಿದ್ದರೆ ‘ಎಂಬುದು, ಏಕೆಂದರೆ’. ಇಲ್ಲದಿದ್ದರೆ ‘ಯಾವುದೋ ಅದು’. ಪದದ ಕೊನೆಯ ‘ಆ’ ಅಕ್ಷರದ ಮೇಲೆ ಟೋಪಿಯಂಥ ಗುರುತಿದ್ದರೆ ಅದು ಪಂಚಮಿ ಅಥವಾ ತೃತೀಯೆಯ ಕೆಲಸ ಮಾಡುವ ವಿಭಕ್ತಿ. ಮುದ್ರಕರು ಎಲ್ಲ ಕಡೆ ಒಂದೇ ಶಿಸ್ತು ಪಾಲಿಸಿಲ್ಲ ನಿಜ, ಆದರೂ ಹತ್ತರಲ್ಲಿ ಎಂಟು ಗೊಂದಲ ಇದರಿಂದಲೇ ಬಗೆಹರಿಯುತ್ತದೆ.

ಗ್ರೀಕ್ ಮತ್ತು ಹೀಬ್ರೂ ಪದಗಳನ್ನು ಕೈಯಿಂದಲೇ ಟೈಪಿಸಬೇಕು. ಆಗಿನ ಗ್ರೀಕ್ ಅಚ್ಚಿನಲ್ಲಿ ಒತ್ತಕ್ಷರಗಳಂತೆ ಹೆಣೆದ ರೂಪಗಳು ಹೇರಳ. ಅವುಗಳ ಪಟ್ಟಿ ಒಂದನ್ನು ಮೇಜಿನ ಮೇಲಿಟ್ಟುಕೊಳ್ಳಿ.

ಲ್ಯಾಟಿನ್ ಎಷ್ಟು ಬರಬೇಕು?

ಕಾಲೇಜಿನಲ್ಲಿ ಎರಡು ವರ್ಷ ಕಲಿತು, ಸೀಸರ್ ಅಥವಾ ಸಿಸೆರೊ ಕೆಲವು ಪುಟ ಓದಿದವರಿಗೆ ಟರೆಟಿನ್‌ನ ವಾಕ್ಯಗಳು ಕಷ್ಟವೆನಿಸುವುದಿಲ್ಲ. ಅವನಂಥ ಪ್ರಾಧ್ಯಾಪಕರು ಬೋಧನೆಗೂ ವಾದಕ್ಕೂ ಬಳಸುತ್ತಿದ್ದ ಲ್ಯಾಟಿನ್ ನೇರ, ಸೂತ್ರಬದ್ಧ, ಅದದೇ ಪದಗಳು ಮರಳಿ ಬರುತ್ತವೆ. ಕ್ಯಾಲ್ವಿನ್ ಇದಕ್ಕಿಂತ ಕಷ್ಟ. ಅವನದು ಮಾನವತಾವಾದಿಗಳ ಸೊಗಸಿನ ಗದ್ಯ, ಒಂದು ವಾಕ್ಯ ಎಂಟು ಸಾಲು ಹರಿದು ಕ್ರಿಯಾಪದ ಕೊನೆಗೆ ಬರುತ್ತದೆ. ಕ್ರಿಯಾಪದಕ್ಕಾಗಿ ಕಾಯುವ ಅಭ್ಯಾಸ ಕನ್ನಡಿಗರಿಗೆ ಹುಟ್ಟಿನಿಂದಲೇ ಇರುವುದರಿಂದ ಇಲ್ಲಿ ಸ್ವಲ್ಪ ಲಾಭವಿದೆ.

ಎಲ್ಲಕ್ಕಿಂತ ಕಷ್ಟ ಪುಸ್ತಕದ ಮೊದಲಿಗೇ ಇರುವ ಅರ್ಪಣಾ ಪತ್ರ. ರಾಜರನ್ನೋ ನಗರಸಭೆಯನ್ನೋ ಹೊಗಳುವ ಆ ಪುಟಗಳಲ್ಲಿ ಲೇಖಕ ತನ್ನ ಅಲಂಕಾರಶಾಸ್ತ್ರವನ್ನೆಲ್ಲ ಸುರಿದಿರುತ್ತಾನೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ಪುಟದಿಂದಲೇ ಆರಂಭಿಸಬೇಕೆಂದು ಹಟ ಹಿಡಿದವರು ಅಲ್ಲೇ ಕೈಬಿಡುತ್ತಾರೆ.

ಅನುವಾದಕರು ಅತಿ ಹೆಚ್ಚು ಎಡವುವುದು ಎಲ್ಲಿ?

ಈಗ ಮಾತಾಡುತ್ತಿರುವವರು ಯಾರು ಎಂಬುದನ್ನು ಮರೆಯುವಲ್ಲಿ. ವ್ಯಾಕರಣದ ತಪ್ಪು ಒಂದು ವಾಕ್ಯವನ್ನು ಕೆಡಿಸುತ್ತದೆ. ಧ್ವನಿಯ ತಪ್ಪಾದರೆ ಲೇಖಕ ಖಂಡಿಸಿದ್ದನ್ನೇ ಅವನ ಅಭಿಪ್ರಾಯವೆಂದು ಅಚ್ಚು ಹಾಕಿಸಿಬಿಡುತ್ತೀರಿ.

ಟರೆಟಿನ್‌ನ ಪುಸ್ತಕ 20 ವಿಷಯಗಳಾಗಿ, ಪ್ರತಿ ವಿಷಯ ಹಲವು ಪ್ರಶ್ನೆಗಳಾಗಿ ಒಡೆದಿದೆ. ಪ್ರಶ್ನೆಯ ತಲೆಬರಹದಲ್ಲೇ ‘ಹೌದೆನ್ನುತ್ತೇವೆ’ ಅಥವಾ ‘ಅಲ್ಲವೆನ್ನುತ್ತೇವೆ’ ಎಂದಿರುತ್ತದೆ, ಹಲವೆಡೆ ಯಾರ ವಿರುದ್ಧ ಎಂಬುದೂ ಇರುತ್ತದೆ. ಆಮೇಲೆ ವಿವಾದದ ನೆಲೆಯನ್ನು ಗೊತ್ತುಮಾಡುವ ಭಾಗ: ‘ಪ್ರಶ್ನೆ ಇದಲ್ಲ, ಇದೂ ಅಲ್ಲ; ಪ್ರಶ್ನೆ ಇದು.’ ಇಲ್ಲಿನ ಮೊದಲೆರಡು ವಾಕ್ಯಗಳು ಎದುರಾಳಿಯೂ ಒಪ್ಪುವ ಸಂಗತಿಗಳು. ಬಳಿಕ ಪ್ರಮಾಣಗಳು, ಕೊನೆಗೆ ಆಕ್ಷೇಪಗಳಿಗೆ ಪರಿಹಾರ. ಅನುವಾದಕ್ಕೆ ಮುನ್ನ ಪ್ರತಿ ಪ್ಯಾರಾದ ಅಂಚಿನಲ್ಲಿ ಲೇಖಕ, ಎದುರಾಳಿ, ಇಬ್ಬರೂ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಮಾಸ್ಟ್ರಿಕ್ಟ್‌ನಲ್ಲಿ ಈ ಕೆಲಸ ಸಲೀಸು. ಅವನು ಪ್ರತಿ ಅಧ್ಯಾಯವನ್ನೂ ವಾಕ್ಯವ್ಯಾಖ್ಯಾನ, ಸಿದ್ಧಾಂತ, ಖಂಡನೆ, ಆಚರಣೆ ಎಂದು ನಾಲ್ಕು ಭಾಗ ಮಾಡಿದ್ದಾನೆ, ಎದುರಾಳಿಗಳ ಗದ್ದಲ ಬಹುಮಟ್ಟಿಗೆ ಮೂರನೆಯದರಲ್ಲಿ.

ವಾಕ್ಯದೊಳಗೆ ಧ್ವನಿಯನ್ನು ತೋರಿಸುವುದು ಕ್ರಿಯಾಪದದ ರೂಪ. ಎದುರಾಳಿಯ ಮಾತನ್ನು ವರದಿ ಮಾಡುವಾಗ ಲ್ಯಾಟಿನ್ ಅರ್ಧ ಪುಟದವರೆಗೂ ಒಂದೇ ‘ಹೇಳುತ್ತಾರೆ’ಗೆ ಎಲ್ಲ ಕ್ರಿಯಾಪದಗಳನ್ನು ಭಾವರೂಪದಲ್ಲಿ (ಇನ್ಫಿನಿಟಿವ್) ತೂಗುಹಾಕುತ್ತದೆ. ಇಂಗ್ಲಿಷಿನಲ್ಲಿ ವಾಕ್ಯ ಒಡೆದ ಕೂಡಲೇ ಎರಡನೆಯ ವಾಕ್ಯ ಲೇಖಕನ ಸ್ವಂತ ಮಾತಿನಂತೆ ಕೇಳುತ್ತದೆ, ಆದ್ದರಿಂದ ‘ಅವರ ಪ್ರಕಾರ’ ಎಂಬುದನ್ನು ಮತ್ತೆ ಮತ್ತೆ ಸೇರಿಸಲೇಬೇಕು. ಕಾರಣ ಹೇಳುವ ವಾಕ್ಯಗಳಲ್ಲೂ ಇದೇ ಸೂಕ್ಷ್ಮ. ‘ದೇವರು ಇವರನ್ನು ಆರಿಸಿದ್ದು ಇವರ ನಂಬಿಕೆಯನ್ನು ಮುಂಚೆಯೇ ಕಂಡಿದ್ದರಿಂದ’ ಎಂಬಲ್ಲಿ ಕ್ರಿಯಾಪದ ಸಂಭಾವನಾ ರೂಪದಲ್ಲಿದ್ದರೆ (ಸಬ್‌ಜಂಕ್ಟಿವ್) ಅದು ಬೇರೆಯವರು ಕೊಡುವ ಕಾರಣ ಇರಬಹುದು. ನಮ್ಮ ‘ಅಂತೆ’ ಮಾಡುವ ಕೆಲಸವನ್ನು ಅಲ್ಲಿ ಆ ರೂಪ ಮಾಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರತ್ಯಯವಿಲ್ಲ, ಪದ ಕೊಡಬೇಕು.

ವಾದಸಭೆಯ ಪರಿಭಾಷೆಯೂ ಗೊತ್ತಿರಲಿ. ಕೊನ್ಸೇದೊ ಎಂದರೆ ಒಪ್ಪಿದೆ, ನೇಗೊ ಎಂದರೆ ಅಲ್ಲಗಳೆದೆ, ದಿಸ್ತಿಂಗ್ವೊ ಎಂದರೆ ‘ಒಂದರ್ಥದಲ್ಲಿ ಹೌದು, ಇನ್ನೊಂದರಲ್ಲಿ ಅಲ್ಲ’. ತ್ರಾನ್ಸೆಯಾತ್ ಎಂದರೆ ‘ಸದ್ಯಕ್ಕೆ ಹೋಗಲಿ ಬಿಡು’. ಇದು ಒಪ್ಪಿಗೆಯಲ್ಲ, ಒಪ್ಪಿಗೆಯೆಂದು ಅನುವಾದಿಸಿದರೆ ಲೇಖಕ ತನ್ನ ಮುಂದಿನ ಪುಟವನ್ನೇ ವಿರೋಧಿಸಿದಂತಾಗುತ್ತದೆ.

ಅರ್ಥವನ್ನು ತಿರುಗುಮುರುಗು ಮಾಡುವ ನುಡಿಗಟ್ಟುಗಳಲ್ಲಿ ಮೊದಲನೆಯದು ತಾಂತುಮ್ ಆಬೆಸ್ತ್ ಉತ್. ಇದರ ಮುಂದೆ ಎರಡು ಮಾತು ಬರುತ್ತವೆ, ಮೊದಲನೆಯದು ಸುಳ್ಳು, ಎರಡನೆಯದು ನಿಜ: ‘ಅದಿರಲಿ, ಇದಕ್ಕೆ ತದ್ವಿರುದ್ಧವೇ ಸತ್ಯ’ ಎನ್ನುವ ಧಾಟಿ. ನೋನ್ ನಿಸಿ ಬಂದರೆ ‘ಮಾತ್ರವೇ’. ನೇದುಮ್ ಬಂದರೆ ‘ಇನ್ನು ಅದಂತೂ ದೂರವೇ’.

ಪಾರಿಭಾಷಿಕ ಪದಗಳಿಗೆ ಯಾವ ನಿಘಂಟು?

1879ರ ಲೂಯಿಸ್ ಮತ್ತು ಶಾರ್ಟ್ ನಿಘಂಟು ಬೇಕೇ ಬೇಕು, ಆದರೆ ಅದು ಪ್ರಾಚೀನ ರೋಮಿನ ಭಾಷೆಗೆ. ಹಾಬಿತುಸ್ ಎಂಬುದಕ್ಕೆ ಅಲ್ಲಿ ಉಡುಪು, ಭಂಗಿ ಎಲ್ಲ ಸಿಗುತ್ತವೆ. ಈ ಗ್ರಂಥಗಳಲ್ಲಿ ಅದು ಮನಸ್ಸಿನಲ್ಲಿ ನೆಲೆಯೂರಿದ ಸಾಮರ್ಥ್ಯ. ಇದಕ್ಕೆ ರಿಚರ್ಡ್ ಮುಲ್ಲರ್ ರಚಿಸಿದ ದೈವಶಾಸ್ತ್ರ ಪದಕೋಶ (1985, ಪರಿಷ್ಕೃತ 2017) ಮೊದಲ ಆಸರೆ. ಇನ್ನೂ ಆಳಕ್ಕೆ ಬೇಕಿದ್ದರೆ ಆ ಕಾಲದವೇ ಆದ ತತ್ತ್ವಶಾಸ್ತ್ರ ನಿಘಂಟುಗಳು: ಗೊಕ್ಲೇನಿಯಸ್‌ನದು 1613, ಮಿಕ್ರೇಲಿಯಸ್‌ನದು 1653. ಇವು ಲ್ಯಾಟಿನ್ನಿನಲ್ಲೇ ವಿವರಿಸುತ್ತವೆ.

ನಿಮ್ಮದೇ ಪದಪಟ್ಟಿಯೊಂದನ್ನು ಮೊದಲ ದಿನದಿಂದಲೇ ಕಟ್ಟಿ. ಲ್ಯಾಟಿನ್ ಪದ, ಆರಿಸಿದ ಇಂಗ್ಲಿಷ್, ಮೊದಲು ಬಂದ ಪುಟ, ಅಪವಾದ ಎಂದು ನಾಲ್ಕು ಕಲಂ ಸಾಕು. ವೊಲುಂತಾಸ್ ಮತ್ತು ಆರ್ಬಿತ್ರಿಯುಮ್ ಎರಡನ್ನೂ ‘ವಿಲ್’ ಎಂದರೆ ಇಚ್ಛಾಶಕ್ತಿಗೂ ಆಯ್ಕೆಗೂ ಇರುವ ಭೇದವೇ ಅಳಿಸಿಹೋಗುತ್ತದೆ, ಪಾಪಕ್ಕೆ ಬಿದ್ದ ಮನುಷ್ಯನ ಸ್ವಾತಂತ್ರ್ಯದ ಅಧ್ಯಾಯ ಪೂರ್ತಿ ನಿಂತಿರುವುದು ಆ ಭೇದದ ಮೇಲೆ. ಅದೇ ವೇಳೆ ರಾತ್ಸಿಯೊ ಎಂಬುದಕ್ಕೆ ಎಲ್ಲೆಡೆ ಒಂದೇ ಪದ ಕೊಡುವ ಹಟ ಬೇಡ. ಅದು ತರ್ಕಬುದ್ಧಿ, ಕಾರಣ, ರೀತಿ, ಸಂಬಂಧ, ಲೆಕ್ಕ ಎಲ್ಲವೂ ಆಗಬಲ್ಲದು.

ಬೈಬಲ್ ವಾಕ್ಯಗಳನ್ನು ಪ್ರಚಲಿತ ಇಂಗ್ಲಿಷ್ ಬೈಬಲಿನಿಂದ ಹಾಕಿಬಿಡಬಹುದೇ?

ಬೇಡ. ಇವರು ಬಳಸುತ್ತಿದ್ದುದು ಕೆಲವೊಮ್ಮೆ ವಲ್ಗೇಟ್ ಎಂಬ ಪ್ರಾಚೀನ ಲ್ಯಾಟಿನ್ ಬೈಬಲ್, ಕೆಲವೊಮ್ಮೆ ಜಿನೀವಾದ ಬೇಜಾ ಲ್ಯಾಟಿನ್ನಿಗೆ ತಂದ ಹೊಸ ಒಡಂಬಡಿಕೆ, ಹಳೆಯ ಒಡಂಬಡಿಕೆಗೆ 1575–79ರ ಟ್ರೆಮೆಲಿಯಸ್ ಮತ್ತು ಜೂನಿಯಸ್ ಅನುವಾದ, ಎಷ್ಟೋ ಸಲ ನೆನಪಿನಿಂದ ಹೇಳಿದ್ದು ಅಥವಾ ಮೂಲದಿಂದ ತಾವೇ ಮಾಡಿಕೊಂಡಿದ್ದು. ಲೇಖಕನ ವಾದ ಆ ಲ್ಯಾಟಿನ್ ಪದದ ಮೇಲೆಯೇ ನಿಂತಿರಬಹುದು. ಅವನ ಲ್ಯಾಟಿನ್ನನ್ನೇ ಅನುವಾದಿಸಿ, ಇಂಗ್ಲಿಷ್ ಓದುಗರಿಗೆ ಪರಿಚಿತ ರೂಪಕ್ಕಿಂತ ತೀರ ಬೇರೆಯಾದಲ್ಲಿ ಟಿಪ್ಪಣಿ ಕೊಡಿ. ಕೀರ್ತನೆಗಳ ಸಂಖ್ಯೆ ಬೇರೆ ಪರೀಕ್ಷಿಸಿ: ಹೀಬ್ರೂ ಎಣಿಕೆಯ 51ನೇ ಕೀರ್ತನೆ ವಲ್ಗೇಟಿನಲ್ಲಿ 50.

ಅಂಚಿನಲ್ಲಿರುವ ಉಲ್ಲೇಖಗಳನ್ನು ಪತ್ತೆ ಹಚ್ಚುವುದು ಹೇಗೆ?

ಅನುವಾದದಷ್ಟೇ ಸಮಯವನ್ನು ಇದಕ್ಕೆ ತೆಗೆದಿಡಿ. ‘ಥೋಮ್. 1, ಕ್ಯು. 2, ಆರ್ಟ್. 3, ಆದ್ 2’ ಎಂದಿದ್ದರೆ ಮಧ್ಯಯುಗದ ಪಂಡಿತ ಥಾಮಸ್ ಅಕ್ವಿನಾಸ್‌ನ ಸುಮ್ಮಾ, ಮೊದಲ ಭಾಗ, 2ನೇ ಪ್ರಶ್ನೆ, 3ನೇ ವಿಭಾಗ, ಎರಡನೇ ಆಕ್ಷೇಪಕ್ಕೆ ಉತ್ತರ. ‘ಲೊಂಬ್. 3, ದಿ. 20’ ಎಂದರೆ ಮಧ್ಯಯುಗದವನೇ ಆದ ಪೀಟರ್ ಲೊಂಬಾರ್ಡ್‌ನ ಸೆಂಟೆನ್ಸಸ್ ಗ್ರಂಥದ ಮೂರನೇ ಪುಸ್ತಕದ 20ನೇ ವಿಭಾಗ; ಕ್ರಿಸ್ತನ ಮರಣ ಬೆಲೆಯಲ್ಲಿ ಎಲ್ಲರಿಗೂ ಸಾಕು, ಫಲದಲ್ಲಿ ಆಯ್ದವರಿಗೆ ಮಾತ್ರ ಎಂಬ ಪ್ರಸಿದ್ಧ ಸೂತ್ರದ ಮೂಲ ಅದೇ. ‘ಬೆಲ್.’ ಎಂದರೆ ಬಹುತೇಕ ಕ್ಯಾಥೊಲಿಕ್ ಪಂಡಿತ ಬೆಲ್ಲಾರ್ಮಿನ್, ಆ ಕಾಲದ ಪ್ರೊಟೆಸ್ಟೆಂಟರ ಖಾಯಂ ಎದುರಾಳಿ.

ಅಧ್ಯಾಯ ಸಂಖ್ಯೆಗಳು ತಪ್ಪಿರುವುದು ಸರ್ವೇಸಾಮಾನ್ಯ. ಹಲವರು ಉಲ್ಲೇಖವನ್ನು ಇನ್ನೊಬ್ಬರ ಪುಸ್ತಕದಿಂದ ಎತ್ತಿಕೊಂಡಿದ್ದಾರೆ, ತಪ್ಪು ಕೂಡ ಹಾಗೆಯೇ ಕೈದಾಟಿದೆ. ಲೇಖಕನ ಹೆಸರೇ ತಪ್ಪಿರುವುದೂ ಉಂಟು. ಅಗಸ್ಟೀನ್‌ನದೆಂದು ಉಲ್ಲೇಖಿಸುವ ದೇ ಫಿದೇ ಆದ್ ಪೇತ್ರುಮ್ ನಿಜವಾಗಿ ಫುಲ್ಗೆಂಷಿಯಸ್‌ನದು. ಪೌಲನ ಪತ್ರಗಳ ಮೇಲೆ ಆಂಬ್ರೋಸ್ ಬರೆದನೆಂದು ನಂಬಿದ್ದ ವ್ಯಾಖ್ಯಾನದ ಕರ್ತೃವನ್ನು ಈಗ ಆಂಬ್ರೋಸಿಯಾಸ್ಟರ್ ಎನ್ನುತ್ತಾರೆ. ಪಠ್ಯದಲ್ಲಿ ಲೇಖಕ ಹೇಳಿದ್ದನ್ನೇ ಬಿಡಿ, ಸರಿಯಾದದ್ದನ್ನು ಟಿಪ್ಪಣಿಯಲ್ಲಿ ಹಾಕಿ. ಹುಡುಕಲು ಹಳೆಯ ಚರ್ಚ್ ಲೇಖಕರ ಕೃತಿಗಳನ್ನು ಒಟ್ಟುಮಾಡಿ ಮಿನ್ಯೆ ಪ್ರಕಟಿಸಿದ ಲ್ಯಾಟಿನ್ ಪಿತೃಗ್ರಂಥಮಾಲೆ ಸಾಕಾಗುತ್ತದೆ. ಓರೆ ಅಕ್ಷರಗಳಲ್ಲಿದ್ದ ಮಾತ್ರಕ್ಕೆ ಅದು ಪದಶಃ ಉದ್ಧರಣೆ ಎಂದು ಉದ್ಧರಣ ಚಿಹ್ನೆ ಹಾಕಬೇಡಿ. ಆಗ ಸಾರಾಂಶವನ್ನೂ ಓರೆಯಾಗಿ ಅಚ್ಚಿಸುತ್ತಿದ್ದರು.

ಎದುರಾಳಿಗಳನ್ನು ಬೈದಿರುವುದನ್ನು ಮೆದು ಮಾಡಬಹುದೇ?

ಮಾಡಬಾರದು, ಹೆಚ್ಚಿಸಲೂ ಬಾರದು. ಪೊಂತಿಫಿಕಿಯಿ (ಪೋಪನ ಪಕ್ಷದವರು) ಎಂಬುದನ್ನು ‘ರೋಮನ್ ಕ್ಯಾಥೊಲಿಕರು’ ಎಂದರೆ ಆ ಕಾಲದ ಕಾವು ಹೋಗುತ್ತದೆ. ಅದಕ್ಕಿಂತ ಕಟುವಾದ ಪಾಪಿಸ್ತೆ ಎಂಬ ಪದವೂ ಇತ್ತು, ಆದ್ದರಿಂದ ಎರಡನ್ನೂ ಒಂದೇ ಮಾಡಬೇಡಿ.

ಯಂತ್ರಾನುವಾದ ನಂಬಬಹುದೇ?

ಮೊದಲ ಕರಡಿಗೆ, ಅದೂ ಶುದ್ಧ ಮಾಡಿದ ಪಠ್ಯಕ್ಕೆ ಮಾತ್ರ. ಈಗಿನ ಯಂತ್ರಗಳು ಕೊಡುವ ಇಂಗ್ಲಿಷ್ ಸರಾಗವಾಗಿರುವುದೇ ತೊಂದರೆ. ಅರ್ಥವಾಗದ ಕಡೆ ಅವು ತಡವರಿಸುವುದಿಲ್ಲ, ಹೊಂದುವಂಥದ್ದನ್ನು ಬರೆದುಬಿಡುತ್ತವೆ. ಸ್ಕ್ಯಾನಿನ ತಪ್ಪಿಗೂ ಅರ್ಥ ಕಟ್ಟುತ್ತವೆ. ಬೈಬಲ್ ವಾಕ್ಯ ಬಂದರೆ ಲೇಖಕನ ಪಾಠವನ್ನು ಬಿಟ್ಟು ಪ್ರಸಿದ್ಧ ಇಂಗ್ಲಿಷ್ ಪಾಠ ಹಾಕುತ್ತವೆ, ಅಂಚಿನ ಸಂಖ್ಯೆಗಳನ್ನು ಬದಲಿಸುತ್ತವೆ, ಎದುರಾಳಿಯ ಧ್ವನಿಯನ್ನು ಲೇಖಕನದಕ್ಕೆ ಬೆರೆಸುತ್ತವೆ. ಪ್ರತಿ ವಾಕ್ಯದ ನಿಷೇಧ ಪದಗಳನ್ನು ಎರಡೂ ಕಡೆ ಎಣಿಸುವುದು ಒರಟಾದರೂ ಫಲಕಾರಿ ಪರೀಕ್ಷೆ. ಲ್ಯಾಟಿನ್ ಬಾರದವರು ಯಂತ್ರದ ಕರಡನ್ನು ಇಂಗ್ಲಿಷಿನಲ್ಲಷ್ಟೇ ತಿದ್ದಿ ಪ್ರಕಟಿಸುವುದನ್ನು ಅನುವಾದವೆನ್ನಲಾಗದು.

ಒಂದು ಪುಸ್ತಕಕ್ಕೆ ಎಷ್ಟು ಸಮಯ?

ಐದು ಪುಟ ಎಣಿಸಿ ಸರಾಸರಿ ತೆಗೆಯಿರಿ. ಪುಟಕ್ಕೆ 350 ಪದದಂತೆ 600 ಪುಟವೆಂದರೆ 2,10,000 ಪದ. ದಿನಕ್ಕೆ 400, ವಾರಕ್ಕೆ ಐದು ದಿನ ಎಂದರೆ 105 ವಾರ, ಬರೀ ಕರಡಿಗೆ. ಲ್ಯಾಟಿನ್ನಿನಲ್ಲಿ ಆರ್ಟಿಕಲ್ ಇಲ್ಲ, ಕರ್ತೃಪದವೂ ಹಲವು ಸಲ ಇರುವುದಿಲ್ಲ, ಆದ್ದರಿಂದ ಇಂಗ್ಲಿಷ್ ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ. ಪ್ರಕಾಶಕರಿಗೆ ಪುಟ ಲೆಕ್ಕ ಕೊಡುವಾಗ ಇದನ್ನು ಮರೆಯಬೇಡಿ. ಬಳಿಕ ಇನ್ನೊಬ್ಬ ಲ್ಯಾಟಿನ್ ಬಲ್ಲವರು ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸಬೇಕು. ಒಬ್ಬರು ಲ್ಯಾಟಿನ್ ನೋಡುತ್ತಾ ಇನ್ನೊಬ್ಬರು ಇಂಗ್ಲಿಷನ್ನು ಗಟ್ಟಿಯಾಗಿ ಓದಿದರೆ ಬಿಟ್ಟುಹೋದ ಸಾಲು ಕೂಡಲೇ ಸಿಗುತ್ತದೆ. ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳಿರುವಲ್ಲಿ ಕಣ್ಣು ಜಾರಿ ನಡುವಿನದು ಬಿಟ್ಟುಹೋಗುವುದು ಸಾಮಾನ್ಯ.

ಹಕ್ಕುಸ್ವಾಮ್ಯದ ತೊಡಕಿದೆಯೇ?

ಮೂಲಕ್ಕೆ ಇಲ್ಲ. ಬೆವರಿಜ್‌ನಂಥ 19ನೇ ಶತಮಾನದ ಅನುವಾದಗಳೂ ಮುಕ್ತ. ಆಧುನಿಕ ಅನುವಾದಗಳಿಗೂ ಸಂಶೋಧನಾ ಆವೃತ್ತಿಗಳ ಟಿಪ್ಪಣಿ, ಪೀಠಿಕೆಗಳಿಗೂ ಹಕ್ಕಿದೆ. ಸ್ಕ್ಯಾನ್ ಚಿತ್ರಗಳನ್ನು ಪುಸ್ತಕದಲ್ಲಿ ಅಚ್ಚು ಹಾಕುವುದಿದ್ದರೆ ಆಯಾ ಗ್ರಂಥಾಲಯದ ನಿಯಮ ಓದಿ.

ಇದೇ ಗ್ರಂಥಗಳನ್ನು ಕನ್ನಡಕ್ಕೆ ತರುವುದಾದರೆ ಇಂಗ್ಲಿಷ್ ಅನುವಾದ ಸಾಕೇ?

ಇಂಗ್ಲಿಷನ್ನು ಪಕ್ಕದಲ್ಲಿಟ್ಟುಕೊಂಡು ಲ್ಯಾಟಿನ್ನಿನಿಂದಲೇ ಮಾಡುವುದು ಮೇಲು. ಕೊನೆಯಲ್ಲಿ ಬರುವ ಕ್ರಿಯಾಪದ, ವಿಭಕ್ತಿಗಳು, ‘ಅಂತೆ’ ಇವು ಕನ್ನಡಕ್ಕೆ ನೇರವಾಗಿ ಒದಗುತ್ತವೆ. ಇಂಗ್ಲಿಷ್ ಮೂಲಕ ಹೋದರೆ ನಡುವೆ ಕಳೆದುಹೋಗುತ್ತವೆ. ಕಷ್ಟ ಬರುವುದು ನಮ್ಮ ಕ್ರೈಸ್ತ ಶಬ್ದಸಂಪತ್ತಿನಲ್ಲಿ. ಕನ್ನಡ ಬೈಬಲಿನಲ್ಲಿ ಗ್ರಂಥಭಾಗದ ಹೆಸರೂ ‘ಒಡಂಬಡಿಕೆ’, ದೇವರು ಅಬ್ರಹಾಮನೊಂದಿಗೆ ಮಾಡಿದ್ದೂ ‘ಒಡಂಬಡಿಕೆ’. ಲ್ಯಾಟಿನ್ ಲೇಖಕರು ಫೇದುಸ್, ಪಾಕ್ತುಮ್, ತೆಸ್ತಾಮೆಂತುಮ್ ಎಂದು ಮೂರು ಪದ ಹಿಡಿದು, ಅವುಗಳ ವ್ಯತ್ಯಾಸದ ಮೇಲೆ ಪುಟಗಟ್ಟಲೆ ವಾದಿಸುತ್ತಾರೆ. ಮೊದಲನೆಯದಕ್ಕೆ ‘ಒಡಂಬಡಿಕೆ’, ಎರಡನೆಯದಕ್ಕೆ ‘ಕರಾರು’, ಸಾಯುವವನು ಆಸ್ತಿ ಬಿಟ್ಟುಹೋಗುವ ಅರ್ಥ ಮುಂದಾಗಿರುವಲ್ಲಿ ಮೂರನೆಯದಕ್ಕೆ ‘ಮರಣಶಾಸನ’ ಎಂದು ಗೊತ್ತುಮಾಡಿಕೊಂಡು, ಪದಪಟ್ಟಿಯನ್ನು ಪುಸ್ತಕದ ಮೊದಲಿಗೇ ಅಚ್ಚು ಹಾಕಿಸಿ.